ಬ್ಯಾಂಡ್ ಮಾಸ್ತರರ ವಶೀಲಿ

ಊರಿನಲ್ಲಿ ಮಂತ್ರಿಗಳಿಗೆ ತೀರ ಹತ್ತಿರದವರು ಯಾರು ಎಂದು ಕೇಳಿದರೆ ಎಲ್ಲರ ಬೆರಳೂ ಬ್ಯಾಂಡ್ ಮಾಸ್ತರರ ಕಡೆಗೇ ಹೋಗುತ್ತಿತ್ತು. ಹತ್ತಿರ ಎಂದರೆ ಒಂದು ಮಾರು ದೂರ. ಶಾಲೆಯ ಹೊಸ ಕೋಣೆಯಿರಲಿ, ಬಸ್ ನಿಲ್ದಾಣದ ಹೊಸ ಗಡಿಯಾರವಿರಲಿ, ಮಂತ್ರಿಗಳು ಕಾರಿನಿಂದ ಕಾಲು ಕೆಳಗಿಡುವ ಹೊತ್ತಿಗೆ ಸರಿಯಾಗಿ ಮಾಸ್ತರರು ಎದುರಿಗೆ ನಿಂತಿರಬೇಕು. ಮೈಮೇಲೆ ಕೆಂಪು ಕೋಟು, ಭುಜಕ್ಕೆ ಜರಿಯ ಕುಚ್ಚು, ಎದೆಗೆ ಸಾಲು ಪದಕ, ತಲೆಗೆ ಎತ್ತರದ ಟೋಪಿ. ಬಲಗೈಯಿಂದ ಒಂದು ಖಡಕ್ ಸೆಲ್ಯೂಟ್. ಮರುಕ್ಷಣ ಎಡಗೈಯಲ್ಲಿದ್ದ ಟ್ರಂಪೆಟ್ ತುಟಿಗೆ. ಮಂತ್ರಿಗಳೂ ತಪ್ಪದೆ ತಿರುಗಿ ಸೆಲ್ಯೂಟ್ ಹೊಡೆಯುತ್ತಿದ್ದರು.

ಇಷ್ಟು ಹತ್ತಿರವಿದ್ದೂ ಇವರಿಬ್ಬರ ನಡುವೆ ಇಷ್ಟು ವರ್ಷಗಳಲ್ಲಿ ಒಂದೇ ಒಂದು ಮಾತು ನಡೆದಿರಲಿಲ್ಲ. ನಡೆಯುವುದು ಹೇಗೆ? ಮಂತ್ರಿಗಳು ಬರುವಾಗ ಮಾಸ್ತರರ ಬಾಯಲ್ಲಿ ಟ್ರಂಪೆಟ್, ಹೋಗುವಾಗಲೂ ಟ್ರಂಪೆಟ್. ಅದು ಕೆಳಗಿಳಿಯುವ ಹೊತ್ತಿಗೆ ಮಂತ್ರಿಗಳ ಬಾಯಿ ಮೈಕಿಗೆ ಅಂಟಿಕೊಂಡಿರುತ್ತಿತ್ತು. ಇಬ್ಬರ ಬಾಯಿಗೂ ಒಟ್ಟಿಗೆ ಬಿಡುವು ಎಂಬುದೇ ಇರಲಿಲ್ಲ.

ಮಾಸ್ತರರಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಮಾತು ಅವರ ವ್ಯಾಪಾರವಲ್ಲ. ಬ್ಯಾಂಡಿಗೆ ಬೇಕಾದ ಮಾತನ್ನೆಲ್ಲ ಹೆಂಡತಿ ಆಡುತ್ತಿದ್ದಳು. ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆಯಲ್ಲಿ ಒಂದರಲ್ಲಿ ಡ್ರಮ್ಮುಗಳು ವಾಸ, ಇನ್ನೊಂದರಲ್ಲಿ ಮನುಷ್ಯರು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಫೋನು. ಅದು ಒಮ್ಮೆ ರಿಂಗಾಗುವುದೇ ತಡ, ಹೆಂಡತಿ ಎತ್ತಿ, "ಯಾವತ್ತು? ಮೆರವಣಿಗೆನಾ, ಮದುವೆನಾ? ಎಷ್ಟು ದೂರ ನಡೀಬೇಕು?" ಎಂದು ಒಂದೇ ಉಸಿರಿಗೆ ಕೇಳಿಬಿಡುತ್ತಿದ್ದಳು. ದೂರ ಹೆಚ್ಚಾದರೆ ಊದುವವರಿಗೆ ದಮ್ಮು ಸಾಲದು, ಅದಕ್ಕೆ ಬೇರೆ ದರ.

ಹೀಗೆ ಸುಖವಾಗಿದ್ದ ಮನೆಗೆ ಮಗಳು ಒಂದು ಸುದ್ದಿ ತಂದಳು. ಸೈನ್ಯದಲ್ಲಿ ಅಧಿಕಾರಿಯಾಗಲು ಬರೆದಿದ್ದ ಪರೀಕ್ಷೆಯಲ್ಲಿ ಪಾಸಾಗಿದ್ದಳು. ಆಯ್ಕೆ ಮಂಡಳಿಯ ಮುಂದೆ ಬರುವಂತೆ ಕರೆ ಬಂದಿತ್ತು. ಅಲ್ಲಿ ಕೆಲವು ದಿನ ಇಟ್ಟುಕೊಂಡು ಓಡಿಸುತ್ತಾರೆ, ಗೋಡೆ ಹತ್ತಿಸುತ್ತಾರೆ, ಗುಂಪಿನಲ್ಲಿ ಮಾತಾಡಿಸುತ್ತಾರೆ, ಕೊನೆಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಸಂದರ್ಶನ ಮಾಡುತ್ತಾರೆ. ಹಿಂದೆ ಒಮ್ಮೆ ಅಲ್ಲಿಯವರೆಗೆ ಹೋಗಿ ಸಂದರ್ಶನದಲ್ಲಿ ಮಾತು ಕಟ್ಟಿ ವಾಪಸು ಬಂದಿದ್ದಳು. ಈ ವರ್ಷ ದಾಟಿದರೆ ವಯಸ್ಸು ಮೀರುತ್ತದೆ. ಅಂದರೆ ಈ ಸಲ ಇಲ್ಲದಿದ್ದರೆ ಇನ್ನಿಲ್ಲ.

ಸುದ್ದಿ ಕೇಳಿ ಮೊದಲು ಓಡಿಬಂದವನು ಹೆಂಡತಿಯ ತಮ್ಮ. ಸಭೆ ಸಮಾರಂಭಗಳಿಗೆ ಕುರ್ಚಿ ಬಾಡಿಗೆಗೆ ಕೊಡುವವನು. ಯಾರು ಯಾವ ಸಾಲಿನಲ್ಲಿ ಕೂರುತ್ತಾರೆಂದು ಬಲ್ಲವನಾದ್ದರಿಂದ ಲೋಕವನ್ನೇ ಬಲ್ಲೆನೆಂದು ತಿಳಿದವನು.

"ಭಾವ, ತಾನಾಗೇ ತೆರ್ಕೊಳ್ಳೋ ಬಾಗಿಲು ಎಲ್ಲಾದ್ರೂ ಕಂಡಿದ್ದೀರಾ? ಒಳಗಿಂದ ಯಾರಾದ್ರೂ ಚಿಲಕ ತೆಗೀಬೇಕು. ಮಂತ್ರಿಗಳು ಒಂದು ಫೋನ್ ಮಾಡಿದ್ರೆ ಮುಗೀತು."

"ಮಾವ, ಅಲ್ಲಿ ವಶೀಲಿ ನಡೆಯಲ್ಲ," ಎಂದಳು ಮಗಳು, ಬೂಟಿಗೆ ಪಾಲಿಶ್ ತಿಕ್ಕುತ್ತ.

"ನಡೆಯಲ್ಲ ಅನ್ನೋರೆಲ್ಲ ವಶೀಲಿ ಇಲ್ಲದೋರೇ ಕಣಮ್ಮಾ. ಇರೋರು ಬಾಯೇ ಬಿಡಲ್ಲ."

"ನಿನ್ನ ಮಾತೂ ನಿನ್ನ ಕುರ್ಚಿ ಥರಾನೇ," ಎಂದಳು ಅಕ್ಕ. "ನೋಡೋಕೆ ನಾಲ್ಕು ಕಾಲು, ಕೂತ್ರೆ ಮೂರು."

ಅಕ್ಕ ಏನೇ ಅನ್ನಲಿ, ತಮ್ಮನ ಮಾತು ಮಾಸ್ತರರ ಎದೆಯೊಳಗೆ ಹೋಗಿ ಕೂತಿತ್ತು. ಅದಕ್ಕೊಂದು ಕಾರಣವೂ ಇತ್ತು. ಹಿಂದಿನ ಸಲ 'ನಿಮ್ಮ ತಂದೆ ಏನು ಮಾಡುತ್ತಾರೆ' ಎಂದು ಕೇಳಿದ್ದರಿಂದಲೇ ಮಗಳ ಮಾತು ಕಟ್ಟಿರಬೇಕು ಎಂದು ಅವರು ತಮ್ಮಷ್ಟಕ್ಕೆ ತೀರ್ಮಾನಿಸಿಕೊಂಡಿದ್ದರು. ದೊಡ್ಡ ದೊಡ್ಡ ಅಧಿಕಾರಿಗಳ ಎದುರು ಮದುವೆ ಮನೆಯಲ್ಲಿ ಊದುತ್ತಾರೆ ಎಂದು ಹೇಗೆ ಹೇಳಿಯಾಳು? ಮಗಳನ್ನು ಕೇಳಿ ನೋಡುವ ಧೈರ್ಯ ಮಾತ್ರ ಇರಲಿಲ್ಲ. ಅಪ್ಪನ ಕಸುಬು ತಂದ ನಷ್ಟವನ್ನು ಅಪ್ಪನೇ ತುಂಬಿಕೊಡಬೇಕಲ್ಲವೇ?

"ಅಪ್ಪಾ, ನೀನು ಹೋಗಿ ಯಾರ ಮುಂದೇನೂ ಹಲ್ಲು ಗಿಂಜಬೇಡ," ಎಂದಳು ಮಗಳು, ಅವರ ಮುಖ ನೋಡಿಯೇ.

"ಛೆ ಛೆ, ನಾನ್ಯಾಕೆ ಹೋಗ್ಲಿ ಪುಟ್ಟಿ," ಎಂದರು ಮಾಸ್ತರರು. ಅಷ್ಟರಲ್ಲಾಗಲೇ ಮಂತ್ರಿಗಳಿಗೆ ಹೇಳಬೇಕಾದ ವಾಕ್ಯ ಮನಸ್ಸಿನಲ್ಲಿ ಅರ್ಧ ತಯಾರಾಗಿತ್ತು.

ಹೊಸ ಸೇತುವೆಯ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು. ಸೆಲ್ಯೂಟ್ ಹೊಡೆದ ಮೇಲೆ, ಟ್ರಂಪೆಟ್ ಎತ್ತುವ ಮೊದಲು, ನಡುವಿನ ಸಂದಿಯಲ್ಲಿ ಒಂದು ವಾಕ್ಯ ತೂರಿಸಿಬಿಡುವುದೆಂದು ಮಾಸ್ತರರ ಯೋಜನೆ. "ಸಾರ್, ನನ್ನ ಮಗಳ ವಿಷಯ ಒಂದು ಮಾತು." ಇಷ್ಟೇ. ಕನ್ನಡಿಯ ಮುಂದೆ ಹೇಳಿ ಹೇಳಿ ನಯ ಮಾಡಿಕೊಂಡಿದ್ದರು.

ಕಾರು ಬಂತು. ಬಾಗಿಲು ತೆರೆಯಿತು. ಮಾಸ್ತರರು ಸೆಲ್ಯೂಟ್ ಹೊಡೆದರು. ಟ್ರಂಪೆಟ್ ಎತ್ತಲಿಲ್ಲ. ಆದರೆ ಅವರ ಬ್ಯಾಂಡಿನ ಕಟ್ಟಳೆ ಒಂದೇ: ಮಾಸ್ತರರ ಟ್ರಂಪೆಟ್ ತುಟಿಗೆ ಬರುವ ತನಕ ಯಾರೂ ಉಸಿರು ಬಿಡುವಂತಿಲ್ಲ. ಡ್ರಮ್ಮಿನ ದಪ್ಪಣ್ಣ ಎತ್ತಿದ ಕೋಲನ್ನು ಎತ್ತಿದ ಹಾಗೇ ಹಿಡಿದು ನಿಂತ. ಊದುವವರೆಲ್ಲ ಕೆನ್ನೆ ಉಬ್ಬಿಸಿಕೊಂಡು ಕಂಬಗಳಾದರು. ಸೇತುವೆಯ ಮೇಲೆ ಸೂಜಿ ಬಿದ್ದರೂ ಕೇಳುವಂಥ ನಿಶ್ಶಬ್ದ.

ಮಂತ್ರಿಯಾದ ಮೇಲೆ ಸದ್ದಿಲ್ಲದ ಜಾಗದಲ್ಲಿ ಕಾರಿಳಿದು ಅಭ್ಯಾಸವಿಲ್ಲದ ಮಂತ್ರಿಗಳು ಬೆಚ್ಚಿಬಿದ್ದರು. ಬ್ಯಾಂಡು ನಿಂತಿದೆ ಎಂದರೆ ಯಾರೋ ತೀರಿಹೋಗಿರಬೇಕು; ಸುದ್ದಿ ತಮಗೆ ಮಾತ್ರ ತಲುಪಿಲ್ಲ. ಥಟ್ಟನೆ ಕನ್ನಡಕ ತೆಗೆದು, ತಲೆ ಬಗ್ಗಿಸಿ, ಕೈಕಟ್ಟಿ ನಿಂತುಬಿಟ್ಟರು. ಮಂತ್ರಿಗಳನ್ನು ನೋಡಿ ಅವರ ಪಿಎ ತಲೆ ತಗ್ಗಿಸಿದ. ಪಿಎಯನ್ನು ನೋಡಿ ಅಧಿಕಾರಿಗಳು, ಅಧಿಕಾರಿಗಳನ್ನು ನೋಡಿ ಗುತ್ತಿಗೆದಾರ, ಗುತ್ತಿಗೆದಾರನನ್ನು ನೋಡಿ ಇಡೀ ಊರು. ಶೋಕಾಚರಣೆ ಬಹಳ ಶಿಸ್ತಾಗಿ ನಡೆಯಿತು. ಅದರ ನಡುವೆ ಮಗಳ ಮಾತೆತ್ತುವಷ್ಟು ಗುಂಡಿಗೆ ಯಾರಿಗಿದೆ? ಮಾಸ್ತರರೂ ತಲೆ ತಗ್ಗಿಸಿದರು.

"ಯಾರ್ರೀ ಹೋಗಿದ್ದು?" ಎಂದು ಹಿಂದಿನ ಸಾಲಿನಿಂದ ಯಾರೋ ಪಿಸುಗುಟ್ಟಿದರು.

"ಗೊತ್ತಿಲ್ಲ. ದೊಡ್ಡೋರೇ ಇರ್ಬೇಕು," ಎಂದರು ಇನ್ಯಾರೋ.

ಕೊನೆಗೆ ತಡೆಯಲಾರದೆ ಮಾಸ್ತರರೇ ಟ್ರಂಪೆಟ್ ಎತ್ತಿದರು. ದಪ್ಪಣ್ಣ ಕೈ ಸೋತು ಹೋಗಿದ್ದ ಸಿಟ್ಟಿಗೆ ಡ್ರಮ್ಮು ಒಡೆಯುವಂತೆ ಬಾರಿಸಿದ.

ಇದು ಆಗದ ಮಾತೆಂದು ಮಾಸ್ತರರು ಮಂತ್ರಿಗಳ ಮನೆಗೇ ಹೋಗಲು ನಿರ್ಧರಿಸಿದರು. ಒಗೆದ ಬಿಳಿ ಶರಟು ಹಾಕಿ, ತಲೆ ಬಾಚಿ ಹೊರಟರು. ಗೇಟಿನಲ್ಲಿ ಪಿಎ ತಡೆದ.

"ಯಾರು ಬೇಕಿತ್ತು?"

"ನಾನು ಬ್ಯಾಂಡ್ ಮಾಸ್ತರು."

ಪಿಎ ಮೇಲಿಂದ ಕೆಳಗೆ ನೋಡಿದ. "ಯಾರಿಗ್ರೀ ಹೇಳ್ತೀರಾ? ಮಾಸ್ತರನ್ನ ನಾನು ನೋಡಿಲ್ವಾ? ಅವರು ನಿಮಗಿಂತ ಒಂದು ಗೇಣು ಎತ್ತರ ಇದ್ದಾರೆ."

ಆ ಗೇಣು ಟೋಪಿಯದೆಂದು ವಾದಿಸುವುದು ಮಾಸ್ತರರಿಗೆ ಮರ್ಯಾದೆ ಎನಿಸಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಲ್ರೀ, ಪಾತ್ರೆ ಬಿಟ್ಟು ಬರೀ ಮುಚ್ಚಳ ತಗೊಂಡು ಹೋದ್ರೆ ಯಾರು ಗುರುತು ಹಿಡೀತಾರೆ? ಕೋಟು ಹಾಕ್ಕೊಂಡು ಹೋಗಿ."

ಮರುದಿನ ಕೋಟು, ಕುಚ್ಚು, ಪದಕ, ಟೋಪಿ ಎಲ್ಲ ಏರಿಸಿ ಹೋದರು. ಗೇಟು ತಾನಾಗಿ ತೆರೆಯಿತು. ಕಾವಲಿನವನು ಸೆಲ್ಯೂಟ್ ಹೊಡೆದ. ಪಿಎ ಓಡಿಬಂದು, "ಬನ್ನಿ ಮಾಸ್ತರೇ, ನಿನ್ನೆ ಯಾವನೋ ನಿಮ್ಮ ಹೆಸರು ಹೇಳ್ಕೊಂಡು ಬಂದಿದ್ದ, ಹುಷಾರಾಗಿರಿ," ಎಂದು ಕಿವಿಯಲ್ಲಿ ಹೇಳಿ ಒಳಗೆ ಬಿಟ್ಟ.

ಮಂತ್ರಿಗಳ ಕೋಣೆಯಲ್ಲಿ ಗೋಡೆಯ ತುಂಬ ಉಡುಗೊರೆಯ ಗಡಿಯಾರಗಳು, ಪ್ರತಿಯೊಂದರ ಮುಖದಲ್ಲೂ ಮಂತ್ರಿಗಳದೇ ಮುಖ, ಪ್ರತಿಯೊಂದರಲ್ಲೂ ಬೇರೆ ಬೇರೆ ಹೊತ್ತು. ಮಾಸ್ತರರನ್ನು ಕಂಡದ್ದೇ ಮಂತ್ರಿಗಳು ಕುರ್ಚಿಯಿಂದ ಎದ್ದುಬಿಟ್ಟರು.

"ಬನ್ನಿ, ಬನ್ನಿ ಕ್ಯಾಪ್ಟನ್ ಸಾಹೇಬ್ರೇ! ನಿಮಗೆ ನೂರು ವರ್ಷ ಆಯಸ್ಸು. ನಾನೇ ಹೇಳಿಕಳಿಸೋಣ ಅಂತಿದ್ದೆ." ಬಾಗಿಲು ತಾವೇ ಮುಚ್ಚಿದರು, ದನಿ ತಗ್ಗಿಸಿದರು. "ನನ್ನ ಕೈಲಿ ಆಗದ ಒಂದು ಕೆಲಸ ನಿಮ್ಮಿಂದ ಆಗ್ಬೇಕು. ನನ್ನ ಮೊಮ್ಮಗ, ಮಗಳ ಮಗ, ಸೈನ್ಯದಲ್ಲಿ ಆಫೀಸರ್ ಆಗ್ತೀನಿ ಅಂತ ಹಟ ಹಿಡಿದು ಕೂತಿದ್ದಾನೆ. ಸೆಲೆಕ್ಷನ್ನಿಗೆ ಕರೆ ಬಂದಿದೆ. ನಿಮ್ಮಂಥ ಹಳೇ ಆಫೀಸರು ಒಂದು ಮಾತು ಹೇಳಿದ್ರೆ ಅಲ್ಲಿ ಬೆಲೆ ಇರತ್ತೆ. ನಮ್ಮಂಥೋರ ಮಾತಿಗಿಲ್ಲ."

ಮಾಸ್ತರರಿಗೆ ಒಂದು ಕ್ಷಣ ಕ್ಯಾಪ್ಟನ್ನಾಗಿಯೇ ಉಳಿದುಬಿಡೋಣವೇ ಎನಿಸಿದ್ದು ಸುಳ್ಳಲ್ಲ. ನಿಮ್ಮ ಹುಡುಗನಿಗೆ ನಾನು, ನನ್ನ ಹುಡುಗಿಗೆ ನೀವು. ಕೊಟ್ಟು ತಗೊಳ್ಳುವ ವ್ಯವಹಾರ, ಯಾರಿಗೂ ನಷ್ಟವಿಲ್ಲ. ಆದರೆ ಮಾಲೇ ಇಲ್ಲದೆ ಅಂಗಡಿ ತೆರೆಯುವುದು ಅವರಿಗೆ ಒಗ್ಗಲಿಲ್ಲ.

"ಸಾರ್, ನಾನು ಸೈನ್ಯದ ಗೇಟು ಕೂಡ ನೋಡಿದೋನಲ್ಲ. ನಾನು ಬರೀ ಬ್ಯಾಂಡ್ ಮಾಸ್ತರು."

"ರಿಟೈರಾದ ಮೇಲೆ ಬ್ಯಾಂಡು ಕಟ್ಟಿದ್ದಲ್ವಾ?"

"ಹುಟ್ಟಿದಾಗಿಂದ ಬ್ಯಾಂಡೇ ಸಾರ್. ನಮ್ಮಪ್ಪಾನೂ ಊದ್ತಿದ್ರು."

ಮಂತ್ರಿಗಳು ಪದಕಗಳತ್ತ ಬೆರಳು ತೋರಿಸಿದರು. "ಮತ್ತೆ ಇದೆಲ್ಲಾ?"

"ಇವೆರಡು ಬ್ಯಾಂಡ್ ಸ್ಪರ್ಧೆಲಿ ಗೆದ್ದಿದ್ದು. ಉಳಿದಿದ್ದು ನಾಟಕದ ಬಟ್ಟೆ ಅಂಗಡಿ ಮುಚ್ಚುವಾಗ ತೂಕಕ್ಕೆ ಹಾಕಿ ಕೊಟ್ರು. ಇದರ ಮೇಲೆ 'ಉತ್ತಮ ರಾಕ್ಷಸ ಪಾತ್ರ' ಅಂತ ಬರ್ದಿದೆ ಸಾರ್, ಅದಕ್ಕೇ ತಿರುಗಿಸಿ ಹಾಕ್ಕೊಂಡಿದ್ದೀನಿ."

ಮಂತ್ರಿಗಳು ಕುರ್ಚಿಯಲ್ಲಿ ಕುಸಿದರು. "ಅಂದ್ರೆ ಇಷ್ಟು ವರ್ಷ ನಾನು ತಿರುಗಿ ಸೆಲ್ಯೂಟ್ ಹೊಡೆದಿದ್ದು..."

"ಆ ರಾಕ್ಷಸನಿಗೇ ಸಾರ್."

ಮಂತ್ರಿಗಳ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಆಮೇಲೆ ನಗು ಬಾಯಿಂದ ಸಿಡಿಯಿತು. ಏನಾಯಿತೋ ಎಂದು ಪಿಎ ಬಾಗಿಲು ತೆರೆದು ಇಣುಕಿ, ಬೈಸಿಕೊಂಡು ಹೋದ. ಕಣ್ಣೊರೆಸಿಕೊಂಡು ಮಂತ್ರಿಗಳು ಕೇಳಿದರು, "ಸರಿ, ನೀವು ಬಂದಿದ್ದು ಯಾಕೆ?"

"ಅದೇ ಕೆಲಸಕ್ಕೆ ಸಾರ್. ನನ್ನ ಮಗಳಿಗೂ ಕರೆ ಬಂದಿದೆ. ನೀವೊಂದು ಫೋನ್ ಮಾಡಿದ್ರೆ ಅಂತ..."

ಮತ್ತೊಂದು ಸುತ್ತು ನಗು ಮುಗಿಯಬೇಕಾಯಿತು. ಆಮೇಲೆ ಮಂತ್ರಿಗಳು ನಿಟ್ಟುಸಿರು ಬಿಟ್ಟರು. "ಮಾಡಿದೆ ಮಾಸ್ತರೇ, ಮಾಡದೆ ಬಿಟ್ಟಿದ್ದೀನಾ? ಬಹಳ ದೊಡ್ಡೋರಿಗೇ ಮಾಡಿದೆ. 'ಕಳಿಸಿಕೊಡಿ ಸಾರ್, ಬಂದೋರನ್ನೆಲ್ಲಾ ನೋಡ್ತೀವಿ' ಅಂದ್ರು. ಬಂದೋರನ್ನೆಲ್ಲಾ! ನನ್ನ ಮೊಮ್ಮಗ ಏನು, ಬಸ್ಸಿಗೆ ಬಂದ ಪ್ಯಾಸೆಂಜರಾ? ನನ್ನ ಹೆಸರಿಗೆ ಜಗ್ಗದ ಬಾಗಿಲು ಅಂದ್ರೆ ಅದೊಂದೇ ನೋಡಿ."

ಮಾಸ್ತರರ ಆಸೆ ಅಲ್ಲಿಗೇ ಮುಗಿಯಿತು. ಮಂತ್ರಿಯ ಕೈಯೇ ಸೋತ ಕಡೆ ಇನ್ನು ಯಾರ ಕೈ ಹಿಡಿಯುವುದು? ಬರಿಗೈಯಲ್ಲಿ ಎದ್ದು ಹೋಗಲು ಮುಜುಗರವಾಗಿ, ಏನಾದರೂ ಹೇಳಬೇಕಲ್ಲ ಎಂದು ಹೇಳಿದರು: "ನನ್ನ ಮಗಳು ದಿನಾ ಬೆಳಿಗ್ಗೆ ಶಾಲೆ ಮೈದಾನದಲ್ಲಿ ಓಡ್ತಾಳೆ, ಗೋಡೆ ಹತ್ತಿ ಇಳೀತಾಳೆ. ನಿಮ್ಮ ಹುಡುಗನ್ನೂ ಬೇಕಾದ್ರೆ ಕಳಿಸಿ ಸಾರ್."

ಮನೆಯಲ್ಲಿ ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಸಹಾಯ ಕೇಳೋಕೆ ಹೋದೋನು ಸಹಾಯ ಮಾಡಿ ಬಂದ್ಯಾ ಅಪ್ಪಾ?"

"ನಿಮ್ಮಪ್ಪನ ವ್ಯಾಪಾರ ಯಾವತ್ತೂ ಹೀಗೇ ಕಣೆ," ಎಂದಳು ಹೆಂಡತಿ. "ಒಂದು ಹಾಡಿಗೆ ಕರೆದ್ರೆ ನಾಲ್ಕು ಊದಿ ಬರ್ತಾರೆ."

ಮಂತ್ರಿಗಳ ಮೊಮ್ಮಗ ಬಂದ. ಉದ್ದಕ್ಕೆ ಬೆಳೆದ ಮೃದು ಹುಡುಗ. ಮಾತು ಮಾತ್ರ ನೀರು ಕುಡಿದಷ್ಟು ಸಲೀಸು. ಶಾಲೆಯ ಹಿಂದಿನ ಗೋಡೆಯ ಬುಡದಲ್ಲಿ ನಿಂತು ಮೇಲೆ ನೋಡಿದ.

"ಏಣಿ ಇಲ್ವಾ ಅಕ್ಕ?"

"ಇದೆ. ಶತ್ರು ಹಿಡ್ಕೊಂಡು ನಿಂತಿದ್ದಾನೆ. ಹತ್ತು."

ಹತ್ತುವುದನ್ನು ಇವಳು ಅವನಿಗೆ ಕಲಿಸಿದಳು, ಮಾತಾಡುವುದನ್ನು ಅವನು ಇವಳಿಗೆ ಕಲಿಸಿದ. ಓಟ ಮುಗಿದ ಮೇಲೆ ಇಬ್ಬರೂ ಮೈದಾನದ ಮೆಟ್ಟಿಲ ಮೇಲೆ ಎದುರುಬದುರು ಕೂತು ಸಂದರ್ಶನದ ಆಟ ಆಡುತ್ತಿದ್ದರು. ಅವನು ದೊಡ್ಡ ಅಧಿಕಾರಿಯಂತೆ ಹುಬ್ಬು ಗಂಟಿಕ್ಕಿ ಕೇಳುವುದು, ಅವಳು ಉತ್ತರಿಸುವುದು. ಕೆಲವು ದಿನ ಕಳೆದ ಮೇಲೆ, ಮೊಮ್ಮಗ ಗೋಡೆ ಹತ್ತುತ್ತಾನೋ ಇಲ್ಲವೋ ನೋಡದೆ ಇರಲಾರದೆ, ಮಂತ್ರಿಗಳೇ ಬರತೊಡಗಿದರು. ಕಿವಿಗೆ ಮಫ್ಲರ್ ಸುತ್ತಿ, ಕಾರನ್ನು ದೂರ ನಿಲ್ಲಿಸಿ, ಮಾಸ್ತರರ ಪಕ್ಕದಲ್ಲಿ ಕಲ್ಲುಬೆಂಚಿನ ಮೇಲೆ ಕೂರುವರು. ಟ್ರಂಪೆಟ್ಟೂ ಇಲ್ಲ, ಮೈಕೂ ಇಲ್ಲ. ಇಷ್ಟು ವರ್ಷದ ಬಾಕಿ ಮಾತೆಲ್ಲ ಆಗ ಹೊರಬಿತ್ತು. ಮಂಡಿನೋವಿಗೆ ಯಾವ ಎಣ್ಣೆ ವಾಸಿ, ಅಳಿಯನೆಂಬವನು ಯಾಕೆ ಮಾತು ಕೇಳುವುದಿಲ್ಲ, ಡ್ರಮ್ಮಿಗೆ ಯಾವ ಚರ್ಮ ಒಳ್ಳೆಯದು.

"ಒಂದು ನಿಜ ಹೇಳ್ಲಾ ಮಾಸ್ತರೇ? ನಿಮ್ಮ ಬ್ಯಾಂಡು ಬಹಳ ಜೋರು. ನನಗೆ ತಲೆನೋವು ಬರತ್ತೆ."

"ನಾನೂ ಒಂದು ಹೇಳ್ಲಾ ಸಾರ್? ನಿಮ್ಮ ಭಾಷಣ ಬಹಳ ಉದ್ದ. ನಮ್ಮ ದಪ್ಪಣ್ಣ ನಿಂತಲ್ಲೇ ನಿದ್ದೆ ಮಾಡೋದು ಕಲ್ತಿದ್ದಾನೆ."

ಅಂಥದೇ ಒಂದು ಬೆಳಿಗ್ಗೆ ಮೆಟ್ಟಿಲ ಕಡೆಯಿಂದ ಹುಡುಗನ ಪ್ರಶ್ನೆ ತೇಲಿಬಂತು: "ನಿಮ್ಮ ತಂದೆ ಏನು ಮಾಡುತ್ತಾರೆ?"

ಮಾಸ್ತರರು ಕಾಲ ಬಳಿಯ ಹುಲ್ಲು ಕೀಳತೊಡಗಿದರು.

"ಬ್ಯಾಂಡ್ ಮಾಸ್ತರು ಸಾರ್," ಎಂದಿತು ಮಗಳ ದನಿ, ಎಲ್ಲೂ ತಡವರಿಸದೆ. "ಒಬ್ಬರ ಮಾತು ಒಬ್ಬರಿಗಾಗದ ಒಂದು ಹಿಂಡು ಜನ ಇದ್ದಾರೆ ಅವರ ಬ್ಯಾಂಡಿನಲ್ಲಿ. ಅವರನ್ನೆಲ್ಲ ಬಿಸಿಲಲ್ಲಿ ನಡೆಸಿ, ಒಟ್ಟಿಗೆ ಶುರು ಮಾಡಿಸಿ, ಒಟ್ಟಿಗೆ ನಿಲ್ಲಿಸುತ್ತಾರೆ. ಬರೀ ಹುಬ್ಬಿನಲ್ಲಿ. ಜನರನ್ನು ಮುನ್ನಡೆಸೋದು ಅಂದ್ರೆ ಏನು ಅಂತ ಅಲ್ಲೇ ನೋಡಿದ್ದು ಸಾರ್."

"ಭೇಷ್! ಅಕ್ಕ, ಇಷ್ಟು ಚೆನ್ನಾಗಿ ಹೇಳ್ತೀಯಲ್ಲ, ಹೋದ ಸಲ ಎಲ್ಲಿ ಸಿಕ್ಕಿಹಾಕ್ಕೊಂಡೆ?"

"'ನಿಮ್ಮ ಹವ್ಯಾಸ ಏನು' ಅಂದ್ಬಿಟ್ರು ಕಣೋ. ಡ್ರಮ್ಮಿನ ಮನೇಲಿ ಬೆಳೆದೋಳಿಗೆ ಹವ್ಯಾಸಕ್ಕೆ ಜಾಗ ಎಲ್ಲಿತ್ತು?"

ಮಾಸ್ತರರು ಹುಲ್ಲು ಕೀಳುವುದನ್ನು ಬಿಟ್ಟು ಜೋರಾಗಿ ಮೂಗೊರೆಸಿಕೊಂಡರು. ಮಂತ್ರಿಗಳು ಮಫ್ಲರಿನ ಒಂದು ತುದಿಯನ್ನು ಬಿಚ್ಚಿ ಅವರತ್ತ ಚಾಚಿದರು.

ಮಗಳೂ ಹುಡುಗನೂ ಒಂದೇ ರೈಲಿನಲ್ಲಿ ಆಯ್ಕೆಗೆ ಹೊರಟರು. ಆಮೇಲಿನ ದಿನಗಳಲ್ಲಿ ಮಾಸ್ತರರು ಮದುವೆಯೊಂದರಲ್ಲಿ ವಿದಾಯದ ಹಾಡನ್ನು ಸ್ವಾಗತಕ್ಕೇ ಊದಿದರೆಂದೂ, ಬೀಗರು ಮುನಿಸಿಕೊಂಡರೆಂದೂ ಸುದ್ದಿ. ಕೊನೆಗೊಂದು ಮಧ್ಯಾಹ್ನ ಫೋನು ರಿಂಗಾಯಿತು. ಹೆಂಡತಿ ಎತ್ತಿದಳು.

"ಯಾವತ್ತು? ಮೆರವಣಿಗೆನಾ, ಮದುವೆನಾ?"

"ಅಮ್ಮಾ, ನಾನು. ಆಯ್ತು."

"ಏನಾಯ್ತು?"

"ನನ್ನ ತಗೊಂಡ್ರು ಅಮ್ಮಾ!"

ಹೆಂಡತಿ ಫೋನು ಕೈಬಿಟ್ಟು ಕೂಗಿದ ಕೂಗಿಗೆ ಕೆಳಗಿನ ಇಸ್ತ್ರಿಯವನು ಬೆಂಕಿ ಬಿತ್ತೆಂದು ನೀರಿನ ಬಕೆಟ್ ಹಿಡಿದು ಮೇಲೆ ಓಡಿಬಂದ. ಮಾಸ್ತರರು ಅವನನ್ನೇ ತಬ್ಬಿಕೊಂಡರು. ಬಕೆಟ್ಟಿನ ನೀರು ಇಬ್ಬರ ಮೇಲೂ, ಎರಡು ಡ್ರಮ್ಮುಗಳ ಮೇಲೂ ಬಿತ್ತು. ಡ್ರಮ್ಮು ನೆನೆದರೆ ಮನೆಯೆಲ್ಲ ರಂಪ ಮಾಡುತ್ತಿದ್ದ ಹೆಂಡತಿ ಅಂದು ಅವನ್ನು ಒರೆಸಲೂ ಹೋಗಲಿಲ್ಲ.

ಮೊಮ್ಮಗನಿಗೆ ಆಗಿರಲಿಲ್ಲ. ಇನ್ನೊಮ್ಮೆ ಬಾ ಎಂದು ಕಳಿಸಿದ್ದರು. ಮಂತ್ರಿಗಳ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆದರೆ ಹುಡುಗ ಹಲ್ಲು ಬಿಡುತ್ತ ರೈಲಿಳಿದು, "ತಾತ, ಗೋಡೆ ಹತ್ತಿದೆ!" ಎಂದು ಸ್ಟೇಷನ್ನಿಗೆಲ್ಲ ಕೇಳುವಂತೆ ಕೂಗಿದಾಗ ಅವರೇನು ಮಾಡಿಯಾರು? ಸಂಜೆ ಸಿಹಿಯ ಪೊಟ್ಟಣ ಹಿಡಿದು, ಇಸ್ತ್ರಿ ಅಂಗಡಿಯ ಮೇಲಿನ ಮೆಟ್ಟಿಲನ್ನು ಏದುಸಿರು ಬಿಡುತ್ತ ಹತ್ತಿ ಬಂದರು. ಕೂರಲು ಜಾಗ ಸಿಗದೆ ದೊಡ್ಡ ಡ್ರಮ್ಮಿನ ಅಂಚಿಗೆ ಒರಗಿ ನಿಂತರು.

"ನೀನು ಟ್ರೈನಿಂಗಿಗೆ ಹೊರಡೋದು ಯಾವಾಗಮ್ಮಾ?"

"ಇನ್ನೂ ಸ್ವಲ್ಪ ದಿನ ಇದೆ ಸಾರ್. ಯಾಕೆ?"

"ಇವನಿಗೆ ಹಗ್ಗ ಹತ್ತೋದು ಇನ್ನೂ ಬಂದಿಲ್ಲವಂತೆ."

ಊರಿಗೆ ಮಾತ್ರ ಕಥೆ ಬೇರೆಯೇ ರೀತಿಯಲ್ಲಿ ಗೊತ್ತಾಗಿತ್ತು. ಮಂತ್ರಿಗಳು ಬ್ಯಾಂಡ್ ಮಾಸ್ತರರ ಮಗಳನ್ನು ಆಫೀಸರ್ ಮಾಡಿದರು ಎಂದು ಕುರ್ಚಿಯ ಭಾವಮೈದ ಬಾಡಿಗೆಗೆ ಕೊಟ್ಟ ಒಂದೊಂದು ಕುರ್ಚಿಯ ಜೊತೆಗೂ ಸುದ್ದಿ ಪುಕ್ಕಟೆಯಾಗಿ ಹಂಚುತ್ತಿದ್ದ. ಮುಂದಿನ ಸಾರ್ವಜನಿಕ ಸಭೆಯಲ್ಲಿ ಸ್ವಾಗತ ಭಾಷಣದವನು ಇದನ್ನೇ ಎತ್ತಿ ಹೊಗಳಿದ. ಮಂತ್ರಿಗಳು ಮೈಕಿನ ಮುಂದೆ ಬಂದು, ಕೆಳಗೆ ನಿಂತಿದ್ದ ಮಾಸ್ತರರ ಕಡೆ ಒಮ್ಮೆ ನೋಡಿ, ರಾಜಕೀಯಕ್ಕೆ ಬಂದಮೇಲೆ ಮೊದಲ ಬಾರಿಗೋ ಏನೋ, ಕಡ್ಡಿ ಮುರಿದಂತೆ ನಿಜ ಹೇಳಿದರು.

"ಇದರಲ್ಲಿ ನನ್ನದೇನೂ ಇಲ್ಲ. ನನ್ನ ಮಾತು ಅಲ್ಲಿ ನಡೆಯಲೇ ಇಲ್ಲ. ಆ ಹುಡುಗಿ ಸ್ವಂತ ಬಲದಿಂದ ಗೆದ್ದಳು."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಹಾ, ಎಂಥ ವಿನಯ! ಮಾಡಿದ್ದನ್ನು ಹೇಳಿಕೊಳ್ಳದ ಮನುಷ್ಯ! ಮರುದಿನ ಅವರ ಗೇಟಿನ ಮುಂದೆ ಶಿಫಾರಸು ಕೇಳುವವರ ಸಾಲು ಬೀದಿಯ ತಿರುವು ದಾಟಿತ್ತು. ಅವರಲ್ಲಿ ಒಳದಾರಿ ಬಲ್ಲ ಕೆಲವರು ನೇರವಾಗಿ ಇಸ್ತ್ರಿ ಅಂಗಡಿಯ ಮೆಟ್ಟಿಲು ಹತ್ತಿದರು. ಹಾಗೇನೂ ಇಲ್ಲ ಎಂದು ಮಾಸ್ತರರು ಆಣೆ ಮಾಡಿದಷ್ಟೂ ಅವರು ಕಣ್ಣು ಮಿಟುಕಿಸಿ, "ನಿಮ್ಮ ಕಷ್ಟ ನಮಗರ್ಥ ಆಗತ್ತೆ, ಬಾಯಿ ಬಿಡೋ ಹಾಗಿಲ್ಲ ಅಲ್ವಾ?" ಎನ್ನುವರು. ಹೆಂಡತಿ ಅವರ ಮಕ್ಕಳನ್ನೆಲ್ಲ ಬೆಳಿಗ್ಗೆ ಶಾಲೆಯ ಮೈದಾನಕ್ಕೆ ಕಳಿಸಿ ಎಂದಳು. ಹೆಚ್ಚಿನವರು ಇದೂ ಒಂದು ಗುಟ್ಟಿನ ಕ್ರಮವಿರಬೇಕೆಂದು ನಂಬಿ ಕಳಿಸಿಯೇ ಬಿಟ್ಟರು. ಊರಿನ ಅರ್ಧ ಹುಡುಗರು ಈಗಲೂ ಓಡುತ್ತಿದ್ದಾರೆ.

ತರಬೇತಿ ಮುಗಿದು ಮಗಳು ಅಧಿಕಾರಿಯಾಗುವ ದಿನ ಮಾಸ್ತರರೂ ಹೆಂಡತಿಯೂ ಅಲ್ಲಿಗೆ ಹೋದರು. ಕೊನೆಯಲ್ಲಿ ಹೆತ್ತವರು ಬಂದು ಮಕ್ಕಳ ಭುಜದ ಮೇಲೆ ನಕ್ಷತ್ರ ಸಿಕ್ಕಿಸಬೇಕು ಎಂದರು. ಮಗಳು ಎದೆ ಸೆಟೆಸಿ, ದೃಷ್ಟಿ ನೇರ ನೆಟ್ಟು ನಿಂತಿದ್ದಳು. ಅಪ್ಪ ಒಂದು ಭುಜಕ್ಕೆ, ಅಮ್ಮ ಇನ್ನೊಂದಕ್ಕೆ. ಅಪ್ಪನ ನಕ್ಷತ್ರ ಹೇಗೋ ಕೂತಿತು. ಅಮ್ಮನದು ಕೂರಲೊಲ್ಲದು.

"ಅಮ್ಮಾ, ಚುಚ್ತಿದೆ," ಎಂದಳು ಮಗಳು, ತುಟಿ ಅಲ್ಲಾಡಿಸದೆ.

"ಸುಮ್ನೆ ನಿಂತ್ಕೋ, ಆಫೀಸರ್ ಆಗಿ ಹೀಗೆ ಒದ್ದಾಡ್ತಾರಾ?"

"ಬಟ್ಟೆಗೆ ಚುಚ್ಚು ಅಮ್ಮಾ, ನನಗಲ್ಲ."

"ಕಾಣಿಸ್ತಿಲ್ಲ ಕಣೆ," ಎಂದಳು ಅಮ್ಮ, ಸೆರಗಿನಿಂದ ಎರಡೂ ಕಣ್ಣೊರೆಸಿಕೊಂಡು, ಮತ್ತೊಮ್ಮೆ ಬಗ್ಗಿ. "ಸ್ವಲ್ಪ ತಡ್ಕೋ. ಈ ಕಡೆ ತಿರುಗು. ಹಾಂ, ಈಗ ಸರಿಹೋಯ್ತು."